ಬಂಡೆಯ ಬುಡದಲ್ಲಿ ನಿಂತ ಧೈರ್ಯ

ಮನುಷ್ಯರನ್ನು ಹಗ್ಗಕ್ಕೆ ಕಟ್ಟಿ ಬಂಡೆಯಿಂದ ಇಳಿಸುವ ಕೆಲಸದಲ್ಲಿದ್ದರೆ ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ವಾರಕ್ಕೊಮ್ಮೆ ಬಸ್ಸು ಮಾಡಿಕೊಂಡು ಬಂದಿಳಿಯುತ್ತದೆ.

ಮೊದಲು ನಾನು ಹೈದರಾಬಾದಿನ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಅದು ಬಾಗಿಲು ಹಾಕಿದ ಹೊತ್ತಿಗೆ ಊರಲ್ಲಿ ಐಟಿ ಗಾಳಿ ಜೋರಾಗಿ ಬೀಸುತ್ತಿತ್ತು. ಊರಾಚೆಯ ಬಂಡೆಗಳನ್ನೆಲ್ಲ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಸಿಡಿಸದೆ ಉಳಿದಿದ್ದ ಒಂದು ದೊಡ್ಡ ಬಂಡೆಯ ಸುತ್ತ ಬೇಲಿ ಹಾಕಿ ಒಬ್ಬ ಪುಣ್ಯಾತ್ಮ ಸಾಹಸ ಶಿಬಿರ ಶುರು ಮಾಡಿದ್ದ. ಕೆಲಸ ಕೇಳಿಕೊಂಡು ಹೋದೆ.

"ಯಾವೂರು?" ಅಂದ.

"ಬಾದಾಮಿ ಕಡೆ."

"ಬಾದಾಮಿಯವರೇ? ಹಾಗಾದರೆ ಬಂಡೆ ನಿಮಗೆ ಮನೆ ಜಗುಲಿ ಇದ್ದ ಹಾಗೆ" ಅಂತ ತಾನೇ ತೀರ್ಮಾನಿಸಿ ನನ್ನನ್ನು ಮ್ಯಾನೇಜರ್ ಮಾಡಿಬಿಟ್ಟ. ಮರುದಿನವೇ ಕೆಲಸಕ್ಕೆ ಹಾಜರಾದೆ. ನಿಜ ಹೇಳಬೇಕೆಂದರೆ ಸ್ಟೂಲು ಹತ್ತುವುದಕ್ಕೂ ನನಗೆ ಹೆದರಿಕೆ. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಬೇರೆಯವರಿಗೆ ಗೊತ್ತಾದರೆ ಕೆಲಸ ಉಳಿಯುತ್ತಿತ್ತೋ ಇಲ್ಲವೋ, ಮರ್ಯಾದೆಯಂತೂ ಉಳಿಯುತ್ತಿರಲಿಲ್ಲ. ಹಾಗಾಗಿ ಹಗ್ಗದ ಕೆಲಸವನ್ನೆಲ್ಲ ಬಂಡೆ ಹತ್ತಿಳಿಯುವುದನ್ನು ಕಲಿಸಲು ಶಿಬಿರದಲ್ಲಿದ್ದ ಹಳೇ ಶಹರದ ಉಸ್ತಾದರಿಗೆ ಬಿಟ್ಟು, ನಾನು ಬಂಡೆಯ ಬುಡದಲ್ಲಿ ಸೀಟಿ ಹಿಡಿದು ನಿಂತು ಮೇಲಿದ್ದವರಿಗೆ "ಹೆದರಬೇಡಿ" ಅಂತ ಕೂಗುತ್ತಿದ್ದೆ. ನಾಲ್ಕು ವರ್ಷ ಹೀಗೇ ನಡೆಯಿತು.

ಹತ್ತು ಮಾರ್ಕ್ಸು

ದಿಲ್‌ಸುಖ್‌ನಗರದ ಒಂದು ಶಾಲೆಯ ಮಕ್ಕಳು ಬಂದಿದ್ದರು. ಏಳನೇ ಕ್ಲಾಸಿನಿಂದಲೇ ಇಂಜಿನಿಯರಿಂಗ್ ಕೋಚಿಂಗ್ ಕೊಡುವ ಶಾಲೆ ಅದು. ಮಕ್ಕಳು ಬಂಡೆಯ ಮುಂದೆ ಸಾಲಾಗಿ ಕುಳಿತು ನೋಟ್‌ಬುಕ್ ತೆರೆದರು. ಇಳಿಯಲು ಮಾತ್ರ ಒಬ್ಬರೂ ಏಳಲಿಲ್ಲ. ಕೊನೆಗೆ ಕನ್ನಡಕದ ಹುಡುಗನೊಬ್ಬ ಕೈ ಎತ್ತಿದ.

"ಸಾರ್, ಇದು ಪರೀಕ್ಷೆಗೆ ಬರುತ್ತದೆಯೇ?"

"ಬರುತ್ತದೆ" ಅಂದುಬಿಟ್ಟೆ.

"ಎಷ್ಟು ಮಾರ್ಕ್ಸಿಗೆ?"

"ಹತ್ತು."

ಅಷ್ಟೇ ಸಾಕಾಯಿತು. ನಾ ಮುಂದು ತಾ ಮುಂದು ಅಂತ ಹೆಲ್ಮೆಟ್ಟಿಗೆ ಕಿತ್ತಾಟ ಶುರುವಾಯಿತು. ಮಧ್ಯಾಹ್ನದೊಳಗೆ ಎಲ್ಲರೂ ಇಳಿದು ಮುಗಿಸಿ, ಮಾರ್ಕ್ಸು ಬರೆಸಿಕೊಳ್ಳಲು ನನ್ನ ಮೇಜಿನ ಮುಂದೆ ಸಾಲು ನಿಂತರು. ಬಾಯಿಗೆ ಬಂದಂತೆ ಎಂಟು, ಒಂಬತ್ತು ಅಂತ ಬರೆದು ಕೊಟ್ಟೆ.

ಮರುದಿನ ಒಬ್ಬ ತಂದೆಯ ಫೋನು. "ನಮ್ಮವನಿಗೆ ಒಂಬತ್ತು ಕೊಟ್ಟಿದ್ದೀರಿ. ಒಂದು ಯಾಕೆ ಕಡಿಮೆಯಾಯಿತು?"

ನಾನೂ ಬಿಡಲಿಲ್ಲ. "ಇಳಿಯುವಾಗ ಪೂರ್ತಿ ಕಣ್ಣು ಮುಚ್ಚಿಕೊಂಡಿದ್ದ."

"ಕಣ್ಣು ಬಿಟ್ಟುಕೊಂಡು ಎಲ್ಲರೂ ಇಳಿಯುತ್ತಾರೆ ಸಾರ್. ಮುಚ್ಚಿಕೊಂಡು ಇಳಿದವನಿಗೆ ಒಂದು ಹೆಚ್ಚೇ ಕೊಡಬೇಕಲ್ಲವೇ?"

ನ್ಯಾಯವಾದ ಮಾತು ಅನ್ನಿಸಿತು. ಹನ್ನೊಂದು ಕೊಟ್ಟೆ.

ನಂಬಿಕೆಯ ಆಟ

ಐಟಿ ಕಂಪನಿಯವರು ಬಂದರೆ ಒಂದು ಆಟ ಆಡಿಸಲೇಬೇಕು. ತಂಡದ ಮುಖ್ಯಸ್ಥರು ಎತ್ತರದ ಕಟ್ಟೆಯ ಮೇಲೆ ಬೆನ್ನು ಮಾಡಿ ನಿಂತು ಹಿಂದಕ್ಕೆ ಬೀಳಬೇಕು, ಕೆಳಗಿರುವ ತಂಡದವರು ಅವರನ್ನು ಹಿಡಿದುಕೊಳ್ಳಬೇಕು. ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬೆಳೆಯಲಿ ಅಂತ.

ಒಂದು ಸಲ ಬಂದ ಮುಖ್ಯಸ್ಥರು ಒಳ್ಳೆಯ ಗಟ್ಟಿ ಆಳು. ದಸರೆಗೆ ಇನ್ನು ಒಂದು ವಾರವಿತ್ತು. ತಂಡದ ಎಂಟು ಜನರ ರಜೆ ಅರ್ಜಿ ಅವರ ಕಂಪ್ಯೂಟರಿನಲ್ಲಿ ಕೊಳೆಯುತ್ತಿತ್ತು ಅನ್ನುವುದು ನಮಗೆ ಹೇಗೆ ಗೊತ್ತಾಗಬೇಕು? ಅವರು ಕೈಕಟ್ಟಿಕೊಂಡು ಹಿಂದಕ್ಕೆ ಬಿದ್ದರು. ಎಂಟೂ ಜನ ಹೂವಿನ ಹಾಗೆ ಹಿಡಿದರು. ನಾನು ಚಪ್ಪಾಳೆ ತಟ್ಟಿದೆ. ಆದರೆ ಇಳಿಸುವ ಲಕ್ಷಣವೇ ಕಾಣಲಿಲ್ಲ. ಅವರು ಆಕಾಶ ನೋಡುತ್ತ ಎಂಟು ಜನರ ಕೈ ಮೇಲೆ ಮಲಗಿದ್ದರು.

"ಸರ್, ನಮ್ಮ ರಜೆ?" ಅಂತ ಒಬ್ಬಳು ಬಲು ವಿನಯದಿಂದ ಕೇಳಿದಳು.

"ಸೋಮವಾರ ನೋಡೋಣ."

"ಸೋಮವಾರದ ತನಕ ನಮ್ಮ ಕೈ ನಿಲ್ಲುವುದಿಲ್ಲ ಸರ್."

ಮಲಗಿದಲ್ಲೇ ಜೇಬಿನಿಂದ ಮೊಬೈಲು ತೆಗೆದು, ಆಫೀಸಿಗೆ ಫೋನು ಮಾಡಿ, ಎಂಟೂ ರಜೆ ಮಂಜೂರು ಮಾಡಿಸಿದರು. ಹೊರಡುವಾಗ ನಮ್ಮ ಅಭಿಪ್ರಾಯ ಪುಸ್ತಕದಲ್ಲಿ ಅವರು ಬರೆದದ್ದು ಇಷ್ಟೇ: "ತಂಡದಲ್ಲಿ ಒಗ್ಗಟ್ಟು ಬೇಕಾದ್ದಕ್ಕಿಂತ ಹೆಚ್ಚಾಗಿದೆ."

ಮೇಸ್ತ್ರಿಯ ಉಪದೇಶ

ಶಿಬಿರದಲ್ಲಿ ನೀರಿನ ಟ್ಯಾಂಕ್ ಕಟ್ಟಿದವರು ಯಾದಗಿರಿ ಕಡೆಯ ಕೂಲಿಯವರು. ಕೆಲಸ ಮುಗಿದ ಮೇಲೆ ಮಾಲೀಕ ಖುಷಿಯಾಗಿ, ಒಂದು ಭಾನುವಾರ ಅವರ ಕುಟುಂಬಗಳಿಗೆಲ್ಲ ಪುಕ್ಕಟೆ ಶಿಬಿರ ಅಂದ. ಉಸ್ತಾದರು ಬಂಡೆ ಹತ್ತುವಾಗ ಏನೇನು ಎಚ್ಚರ ವಹಿಸಬೇಕು ಅಂತ ಅರ್ಧ ಗಂಟೆ ಪಾಠ ಮಾಡಿದರು. ಪಾಠ ಮುಗಿದಾಗ ಕೂಲಿಯವರ ಮೇಸ್ತ್ರಿ ಕೆಳಗಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಆಗಲೇ ಮೇಲೆ ಹೋಗಿ ಕುಳಿತಿದ್ದ.

"ಹತ್ತೀನ್ರಿ. ಈಗ ಏನ ಕಟ್ಟಬೇಕ್ರಿ ಇಲ್ಲಿ?" ಅಂತ ಕೂಗಿದ.

"ಏನೂ ಕಟ್ಟೂದಿಲ್ಲಪಾ, ಇಳಿಯೂದಷ್ಟ" ಅಂದೆ.

"ಬರೇ ಇಳಿಯಾಕ ಇಷ್ಟ ಮಂದಿ ಬಸ್ ಹಿಡದು ಬರ್ತಾರೇನ್ರಿ?" ಅಂತ ಭಾಳ ಹೊತ್ತು ನಕ್ಕ. ಆಮೇಲೆ, "ಬರ್ರಿ ಸಾಹೇಬ್ರ, ಗಾಳಿ ಛಲೋ ಐತಿ" ಅಂತ ನನ್ನನ್ನು ಕರೆದ.

"ಕಾಗದ ಬರಿಯೂದೈತಿ" ಅಂದೆ.

"ಕಾಗದ ಇಲ್ಲೇ ತರ್ರಿ."

ನಾನು ಕೇಳಿಸದವನಂತೆ ಸೀಟಿ ಊದಿದೆ. ಮೇಸ್ತ್ರಿ ಇಳಿದು ಬಂದು ನನ್ನ ಮುಖವನ್ನೇ ನೋಡಿ, ಯಾರಿಗೂ ಕೇಳಿಸದ ಹಾಗೆ ಹೇಳಿದ: "ಸಾಹೇಬ್ರ, ಖಾಲಿ ತಲಿಲೆ ಹತ್ತಿದ್ರ ಯಾರಿಗಾದ್ರೂ ಹೆದರಿಕಿನ. ಸಿಮೆಂಟ್ ಬುಟ್ಟಿ ತಲಿಮ್ಯಾಲ ಇಟ್ಕೋರಿ. ಕೆಳಗ ನೋಡಾಕ ಬರಂಗಿಲ್ಲ. ನೋಡಲಿಲ್ಲಂದ್ರ ಹೆದರಿಕಿ ಎಲ್ಲಿಂದ ಬರತೈತಿ?"

ನಾಲ್ಕು ವರ್ಷದ ಗುಟ್ಟು ಅವನಿಗೆ ನಾಲ್ಕು ನಿಮಿಷದಲ್ಲಿ ಗೊತ್ತಾಗಿತ್ತು. ಪುಣ್ಯಕ್ಕೆ ಟ್ಯಾಂಕಿನ ಕೆಲಸ ಮುಗಿದಿತ್ತು.

ಒಡಪು

ಕೇಂದ್ರ ಸರ್ಕಾರದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯವರು ಹೈದರಾಬಾದಿನಲ್ಲಿ ಬೇಕಾದಷ್ಟಿದ್ದಾರೆ. ಅವರ ಹೆಣ್ಣುಮಕ್ಕಳ ಬಳಗವೊಂದು ಶಿಬಿರಕ್ಕೆ ಬಂತು. ನನ್ನ ಹೆಂಡತಿಯೂ ಆ ಬಳಗದವಳೇ. ಬುಟ್ಟಿ ತುಂಬ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ಸೀರೆಗೆ ಕಚ್ಚೆ ಹಾಕಿ ಹೆಲ್ಮೆಟ್ ಇಟ್ಟುಕೊಂಡು ಸಿದ್ಧರಾದರು.

ನಮ್ಮಲ್ಲಿ ಇಳಿಸುವ ಪದ್ಧತಿ ಹೀಗೆ. ಬಂಡೆಯ ನೆತ್ತಿಯಲ್ಲಿ ಒಂದು ಕಬ್ಬಿಣದ ಬಳೆ. ಅದರಲ್ಲಿ ಹಾಯ್ದ ಹಗ್ಗದ ಒಂದು ತುದಿ ಇಳಿಯುವವರ ಸೊಂಟದ ಪಟ್ಟಿಗೆ. ಇನ್ನೊಂದು ತುದಿಯನ್ನು ಕೆಳಗೆ ಉಸ್ತಾದರು, ಅವರ ಹಿಂದೆ ತಂಡದವರು ಹಿಡಿದು ಇಷ್ಟಿಷ್ಟೇ ಬಿಡುತ್ತಾರೆ. ಅದಕ್ಕೂ ಮೊದಲು ಉಸ್ತಾದರು ಒಂದು ಕಾಗದ ತುಂಬಿಸಿಕೊಳ್ಳಬೇಕು.

"ಅಮ್ಮಾ, ಗಂಡನ ಹೆಸರು?" ಅಂತ ಮೊದಲನೆಯವರನ್ನು ಕೇಳಿದರು.

ಆಕೆ ನಾಚಿ ತಲೆ ತಗ್ಗಿಸಿದರು. ಎರಡನೆಯವರೂ ಹಾಗೇ. ಮೂರನೆಯವರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಉಸ್ತಾದರು ಗಾಬರಿಯಿಂದ ನನ್ನ ಕಡೆ ತಿರುಗಿ, "ಎಲ್ಲರ ಮನೆಯಲ್ಲೂ ಜಗಳವೇ?" ಅಂದರು.

ಎಲ್ಲರೂ ಕಾಕು ಅಂತ ಕರೆಯುವ ಬಳಗದ ಹಿರಿಯಾಕೆ ಬಿಡಿಸಿ ಹೇಳಿದರು: "ಗಂಡನ ಹೆಸರ ಹಂಗ ಹೇಳಂಗಿಲ್ರಿ. ಒಡಪಿನ್ಯಾಗ, ಅಂದ್ರ ಎರಡ ಸಾಲಿನ ಪದದಾಗ, ಇಟ್ಟು ಹೇಳಬೇಕು. ಲಗ್ನದಾಗ ಹೆಸರ ಹೇಳೂತನಕ ಬಾಗಲಾ ಬಿಡಂಗಿಲ್ಲ. ಇಲ್ಲಿ ಹಗ್ಗಾ ಬಿಡಂಗಿಲ್ಲ ಅಂತ ಮಾಡೂಣು."

ಅಂದ ಮೇಲೆ ಕೇಳಬೇಕೇ? ಒಬ್ಬೊಬ್ಬರನ್ನೂ ಅರ್ಧ ಇಳಿಸಿ ನಿಲ್ಲಿಸುವುದು, ಒಡಪು ಹೇಳಿದ ಮೇಲೆ ಉಳಿದರ್ಧ. ಮೊದಲು ಇಳಿದವರು ಕಾಕುನೇ. ನಡುವೆ ನೇತಾಡುತ್ತ ರಾಗವಾಗಿ ಹೇಳಿದರು:

"ಅಬಿಡ್ಸ್ ಪ್ಯಾಟಿ ಸೀರಿಗೆ ಹಸಿರು ಜರಿ ಅಂಚು,
ಶಂಕರಪ್ಪನವರ ಸಿಟ್ಟಂದ್ರ ಮಳಿಗಾಲದ ಮಿಂಚು."

ಉಸ್ತಾದರು ಶ್ರದ್ಧೆಯಿಂದ "ಶಂಕರಪ್ಪ" ಅಂತ ಬರೆದುಕೊಂಡರು. ಹೀಗೆ ಆರೇಳು ಜನ ಇಳಿದರು. ಮಾಲೀಕನೂ ಬಂದು ಕುರ್ಚಿ ಹಾಕಿಕೊಂಡು ಕುಳಿತ. ಅವನು ರಾಯಚೂರಿನಲ್ಲಿ ಕಾಲೇಜು ಓದಿದವನು, ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು. ಆಮೇಲೆ ನನ್ನ ಹೆಂಡತಿಯ ಪಾಳಿ. ನಾನು ಎಂದಿನಂತೆ "ಹೆದರಬ್ಯಾಡ" ಅಂತ ಕೂಗಿದೆ. ಆಕೆ ಹಗ್ಗದ ಮೇಲಿಂದ ನನ್ನನ್ನೊಮ್ಮೆ ನೋಡಿದಳು.

"ಗುಡ್ಡದ ಬುಡಕ ನಿಂತು ಊರ ಮಂದಿಗೆ ಹೇಳ್ತಾರ ಧೈರ್ಯ,
ಸ್ಟೂಲ್ ಹತ್ತಿ ಬಲ್ಬ್ ಹಾಕೂದು ಬಸವರಾಜರಿಗೆ ಆಗದ ಕಾರ್ಯ."

ಬಂಡೆಗೂ ನಗು ಬಂದಿರಬೇಕು, ಅಷ್ಟು ಜೋರಾಗಿ ಎಲ್ಲರೂ ನಕ್ಕರು. ಮಾಲೀಕ ಮಾತ್ರ ನಗಲಿಲ್ಲ. "ಬಾದಾಮಿಯವರೇ, ನಿಜವೇ?" ಅಂದ. ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಹೆಂಡತಿಯನ್ನು ಕೆಳಗಿಳಿಸಿದ ಮೇಲೂ ಕಾಕು ಬಿಡಲಿಲ್ಲ. "ಹೆಂಡ್ತಿ ಹೇಳಿದ ಮ್ಯಾಲೆ ಗಂಡನೂ ಹೇಳಬೇಕು. ಆಕಿ ನಿಂತು ಹೇಳಿದಲ್ಲೇ ನಿಂತು ಹೇಳಬೇಕು. ಅಲ್ಲಿತನಕ ಊಟ ಇಲ್ಲ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಗ ಮೇಸ್ತ್ರಿಯ ಮಾತು ನೆನಪಾಯಿತು. ಸುತ್ತ ನೋಡಿದೆ. ಸಿಮೆಂಟು ಎಲ್ಲಿಂದ ಬರಬೇಕು? ರೊಟ್ಟಿ ಬುಟ್ಟಿಯನ್ನೇ ಎತ್ತಿ ತಲೆಯ ಮೇಲಿಟ್ಟುಕೊಂಡು ಬಂಡೆಯ ನೆತ್ತಿಗೆ ಹೋಗುವ ಹಿಂದಿನ ಕಾಲುದಾರಿ ಹಿಡಿದೆ. "ಏ, ನಮ್ಮ ಊಟ ಹೊಂಟತು" ಅಂತ ಯಾರೋ ಕೂಗಿದರು. ಬುಟ್ಟಿ ಬೀಳದ ಹಾಗೆ ನೋಡಿಕೊಳ್ಳುವುದರಲ್ಲಿ ಕೆಳಗೆ ನೋಡಲು ಪುರಸೊತ್ತೇ ಆಗಲಿಲ್ಲ. ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ, ನೆತ್ತಿ ಮುಟ್ಟಿಬಿಟ್ಟೆ.

ಆದರೆ ಇಳಿಯುವಾಗ ಬುಟ್ಟಿ ಇರುವುದಿಲ್ಲ ಅನ್ನುವುದನ್ನು ಮೇಸ್ತ್ರಿ ಹೇಳಿರಲಿಲ್ಲ. ನನ್ನ ಹಿಂದೆಯೇ ಹತ್ತಿ ಬಂದ ಉಸ್ತಾದರು ಪಟ್ಟಿ ಬಿಗಿದು, ಮತ್ತೆ ಕೆಳಗೆ ಹೋಗಿ ಹಗ್ಗ ಹಿಡಿದರು. ಕಣ್ಣು ಮುಚ್ಚಿಕೊಂಡು ಕಾಲು ಜಾರಿಸಿದೆ. ಅರ್ಧದಲ್ಲಿ ಹಗ್ಗ ನಿಂತಿತು.

"ಉಸ್ತಾದ್, ಬಿಡ್ರಿ" ಅಂದೆ.

"ನಾನೊಬ್ಬ, ಅವರು ಹನ್ನೆರಡು ಜನ" ಅಂದರು ಉಸ್ತಾದರು.

ಮದುವೆಯಾಗಿ ಹದಿನೈದು ವರ್ಷದಲ್ಲಿ ಒಂದೂ ಒಡಪು ಕಟ್ಟಿದವನಲ್ಲ ನಾನು. ಪ್ರಾಣಭಯ ಮನುಷ್ಯನನ್ನು ಕವಿ ಮಾಡುತ್ತದೆ ಅನ್ನುವುದು ಅಂದೇ ತಿಳಿದದ್ದು.

"ಮ್ಯಾಲೆ ಐತಿ ಆಕಾಶ, ಕೆಳಗ ಐತಿ ಕಲ್ಲ,
ಸುಮಂಗಲಾ ಹೇಳಿದ್ದಕ್ಕ ಇನ್ನ ಒಲ್ಲೆ ಅನ್ನೂದಿಲ್ಲ."

ಹಗ್ಗ ಸಡಿಲವಾಯಿತು. ಕೆಳಗಿಳಿದು ಕಣ್ಣು ಬಿಟ್ಟರೆ ಮಾಲೀಕ ಎದುರಿಗೇ ನಿಂತಿದ್ದ. "ಹೆದರಿಕೆ ಅಂದರೆ ಏನು ಅಂತ ಇಷ್ಟು ಚೆನ್ನಾಗಿ ಗೊತ್ತಿರುವ ಮ್ಯಾನೇಜರ್ ನನಗೆ ಬೇರೆಲ್ಲಿ ಸಿಗಬೇಕು? ಸೀಟಿ ನಿಮ್ಮ ಹತ್ತಿರವೇ ಇರಲಿ" ಅಂದ. ಕಣ್ಣಲ್ಲಿ ನೀರು ಬಂತು. ರೊಟ್ಟಿ ಬುಟ್ಟಿ ತರಲು ಉಸ್ತಾದರು ಮತ್ತೊಮ್ಮೆ ಬಂಡೆ ಹತ್ತಬೇಕಾಯಿತು.

ಸಂಜೆ ಮನೆಗೆ ಹೋದರೆ ಪಡಸಾಲೆಯ ನಡುವೆ ಸ್ಟೂಲು. ಅದರ ಮೇಲೆ ಹೊಸ ಬಲ್ಬು. ಅಲ್ಲಿಯ ದೀಪ ಹೋಗಿ ಎರಡು ತಿಂಗಳಾಗಿತ್ತು.

"ಒಲ್ಲೆ ಅನ್ನೂದಿಲ್ಲ ಅಂದೀರಿ" ಅಂದಳು ಹೆಂಡತಿ.

ಕೊಟ್ಟ ಮಾತು ತಪ್ಪಬಾರದು. ಚೀಲದಿಂದ ಶಿಬಿರದ ಸೊಂಟದ ಪಟ್ಟಿ, ಹೆಲ್ಮೆಟ್, ಹಗ್ಗ ತೆಗೆದೆ. ಬರುವಾಗಲೇ ಯಾಕೋ ಅನುಮಾನ ಬಂದು ಕೇಳಿ ತಂದಿದ್ದೆ. ಮಕ್ಕಳ ತೊಟ್ಟಿಲು ಕಟ್ಟಿದ್ದ ಜಂತಿಯ ಕೊಂಡಿಗೆ ಹಗ್ಗ ಹಾಯಿಸಿ, ಒಂದು ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಆಕೆಯ ಕೈಗೆ ಕೊಟ್ಟು, ಸ್ಟೂಲು ಹತ್ತಿದೆ. ಬಲ್ಬು ಹತ್ತಿಕೊಂಡಿತು.

"ಆತು. ಹಗ್ಗಾ ಬಿಡು, ಇಳಿತೀನಿ" ಅಂದೆ.

ಆಕೆ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ನಿಧಾನವಾಗಿ ಕುರ್ಚಿಯ ಮೇಲೆ ಕುಳಿತು ಹೇಳಿದಳು: "ಹೆಸರ ಹೇಳ್ರಿ. ಹಳೇ ಒಡಪು ನಡಿಯಂಗಿಲ್ಲ."