ಅದುಮಿಟ್ಟ ಎರಡನೆಯ ಸೀನು

ಚೆಲುವ ಬಿ.ಎ. ಪಾಸು ಮಾಡುವುದು ಆಗದ ಮಾತು ಎಂದವರು ನನ್ನ ಭಾವ ನಿಂಗೇಗೌಡರು. ಮಾಡಿ ತೋರಿಸಿದೆ. ಆಲೆಮನೆಯಲ್ಲಿ ಕಬ್ಬು ಹೊತ್ತು, ಬೆಲ್ಲದ ಕೊಪ್ಪರಿಗೆಯ ಉರಿಯ ಬೆಳಕಲ್ಲಿ ಓದಿ, ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಕೊನೆಗೂ ನಮ್ಮ ವಂಶಕ್ಕೇ ಮೊದಲ ಪದವೀಧರನಾದೆ. ಮೇಷ್ಟ್ರೂ ಆದೆ. ಪಾಂಡವಪುರದ ನಮ್ಮ ಮನೆಯ ಗೇಟಿಗೆ ‘ಚೆಲುವೇಗೌಡ, ಬಿ.ಎ.’ ಎಂಬ ಬೋರ್ಡಿದೆ. ಹೆಸರಿಗಿಂತ ಬಿ.ಎ. ದಪ್ಪಕ್ಷರದಲ್ಲಿದೆ!

ಆದ್ದರಿಂದ, ಹೊಂಗೆ ಹೂ ಬಿಡುವ ಕಾಲದಲ್ಲಿ ನಾನು ಸೀನದೆ ಒಂದು ಮುಹೂರ್ತ ಕಳೆಯುವುದು ಆಗದ ಮಾತೆಂದು ಅದೇ ಭಾವ ಹೇಳಿದರೆಂದು ಕೇಳಿದಾಗ ನನಗೆ ನಗು ಬಂತು. ಪದವಿಯನ್ನೇ ಗೆದ್ದವನಿಗೆ ಒಂದು ಮೂಗು ಯಾವ ಲೆಕ್ಕ?

ಐವತ್ತು ದಾಟುವವರೆಗೆ ಈ ಮೂಗು ಬಹಳ ಮರ್ಯಾದಸ್ಥ ಮೂಗಾಗಿತ್ತು. ಅಕ್ಕನನ್ನು ಅಕ್ಕಿಹೆಬ್ಬಾಳಿಗೆ ಕೊಟ್ಟಾಗಿನಿಂದ ಪ್ರತಿ ಯುಗಾದಿಗೂ ನಾನು ಅಲ್ಲೇ. ಅವರ ಹಿತ್ತಲ ಹೊಂಗೆಮರದ ಕೆಳಗೆ ಚಾಪೆ ಹಾಸಿ ಮಲಗಿದರೆ ಹೇಮಾವತಿ ಕಡೆಯಿಂದ ಗಾಳಿ ಬೀಸುವುದು, ಮೈಮೇಲೆಲ್ಲ ಹೂ ಉದುರುವುದು. “ಏಳ್ಲಾ, ಒಬ್ಬಟ್ಟು ಆರೋಯ್ತದೆ” ಎಂದು ಅಕ್ಕ ಬಂದು ಕೂಗುವವರೆಗೆ ನಿದ್ದೆ. ಐವತ್ತು ದಾಟಿದ ಮೇಲೊಂದು ಯುಗಾದಿಗೆ ಅದೇ ಮರದಡಿ ಮಲಗಿದೆ. ಸೀನುತ್ತಾ ಎದ್ದೆ. ಅಂದಿನಿಂದ ಹೊಂಗೆ ಹೂ ಬಿಟ್ಟರೆ ಕಣ್ಣು ಕೆಂಡ, ಮೂಗು ಹೊಳೆ!

ಹೋದ ವರ್ಷ ಅಕ್ಕನ ಮಗಳು ಶೋಭಳಿಗೆ ಒಂದು ಸಂಬಂಧ ಕೂಡಿಬಂದಿತ್ತು. ತಾಂಬೂಲ ಬದಲಿಸಿಕೊಳ್ಳಲು ಗಂಡಿನ ಕಡೆಯವರು ತಟ್ಟೆ ಎತ್ತಿದರು. ನಾನು ಸೀನಿದೆ. ನಮ್ಮ ಕಡೆ ಒಂಟಿ ಸೀನು ಅಪಶಕುನ. ಬೆನ್ನಿಗೇ ಇನ್ನೊಂದು ಬಂದರೆ ಅದು ಜೋಡಿ ಸೀನು, ಶುಭ. ಎರಡನೆಯದು ಬರುತ್ತಲೇ ಇತ್ತು. ಆದರೆ ನಾನು ವಿದ್ಯಾವಂತನಲ್ಲವೇ? ತುಂಬಿದ ಸಭೆಯಲ್ಲಿ ಎರಡೆರಡು ಸಲ ಸೀನುವುದು ಶಿಷ್ಟಾಚಾರವಲ್ಲವೆಂದು ಟವೆಲಿನಿಂದ ಮೂಗನ್ನು ಅದುಮಿಬಿಟ್ಟೆ!

ತಟ್ಟೆ ಗಾಳಿಯಲ್ಲೇ ನಿಂತಿತು. ಎಲ್ಲರೂ ನನ್ನ ಮೂಗನ್ನೇ ನೋಡಿದರು.

“ಇನ್ನೊಂದ್ ಸೀನಿ ಮೇಷ್ಟ್ರೇ, ನಿಮ್ಮ ದಮ್ಮಯ್ಯ” ಎಂದು ಗಂಡಿನ ಚಿಕ್ಕಪ್ಪ ಅಂಗಲಾಚಿದರು. ಮೂಗು ತಿರುಚಿಕೊಂಡೆ. ಸೂರ್ಯನನ್ನು ದಿಟ್ಟಿಸಿದೆ. ಕರೆದಾಗ ಬರುವ ಪೈಕಿಯೇ ಅದು? ಸೀನು ಹೋಯಿತು. ಗಂಡಿನ ಕಡೆಯವರೂ ಹೋದರು.

“ಹೂ ಉದುರೋಗಂಟ ಈ ಕಡೀಕೆ ಬರ್ಬ್ಯಾಡ ಕಣ್ಲಾ” ಎಂದರು ಭಾವ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ನಾನೂ ಅಭಿಮಾನಿ. ಹೂ ಉದುರಿದ ಮೇಲೂ ಹೋಗಲಿಲ್ಲ. ಆದರೆ ಸಂತೆಯ ದಿನ ಕೆ.ಆರ್. ಪೇಟೆ ಬಸ್ಸು ನಿಲ್ಲುವ ಜಾಗದಲ್ಲೇ ತರಕಾರಿ ಕೊಳ್ಳುತ್ತಿದ್ದೆ. ಅಕ್ಕಿಹೆಬ್ಬಾಳಿನವರು ಯಾರಾದರೂ ಇಳಿದಾರು, ಅಕ್ಕನ ಸುದ್ದಿ ಹೇಳಿಯಾರು ಎಂದು.

“ಅಲ್ಲಿ ಬದನೆಕಾಯೆಲ್ಲಾ ಹುಳ ಕಣ್ರೀ. ನಿಮಗೇನು ಕಣ್ಣೂ ಹೋಯ್ತಾ?” ಎನ್ನುತ್ತಿದ್ದಳು ಹೆಂಡತಿ ಸಾವಿತ್ರಿ.

ಈ ವರ್ಷದ ಯುಗಾದಿಯನ್ನು ನಮ್ಮ ಮನೆಯಲ್ಲೇ ಮಾಡಿದೆವು. ಮೂಗು ಕಟ್ಟಿ ಒಬ್ಬಟ್ಟಿನ ಘಮ ತಿಳಿಯಲಿಲ್ಲ. ತಿಳಿದಿದ್ದರೂ ಅದು ಅಕ್ಕನ ಒಬ್ಬಟ್ಟಲ್ಲ. ಇದನ್ನು ಸಾವಿತ್ರಿಗೆ ಹೇಳುವಷ್ಟು ದಡ್ಡ ನಾನಲ್ಲ!

ಅಷ್ಟರಲ್ಲಿ ಪಕ್ಕದ ಮನೆಗೆ ಫೋನು ಬಂತು. ಎಸ್‌ಟಿಡಿ ಬೂತಿನಿಂದ ಶೋಭ.

“ಮಾವ, ನಂಗೆ ಬ್ಯಾರೆ ಕಡೆ ಗಂಡು ಗೊತ್ತಾಯ್ತು. ಬರೋ ಭಾನ್ವಾರ ಮದ್ವೆ. ನೀನು ಸೀನ್ದೆ ಇರಾದು ಆಗದ ಮಾತು ಅಂತ ಅಪ್ಪ ಬ್ಯಾರೆ ಯಾರ್ನೋ ಸೋದರಮಾವನ ಜಾಗಕ್ಕೆ ನಿಲ್ಲುಸ್ತಾರಂತೆ. ನೀನೇ ಕೈ ಹಿಡ್ದು ಹಸೆಗೆ ಕರ್ಕೊಂಡೋಗ್ಬೇಕು. ಇಲ್ದಿದ್ರೆ ನಾನು ಏಳಾಕಿಲ್ಲ.”

ಡಾಕ್ಟರ ಬಳಿಗೆ ಓಡಿದೆ. “ಇದು ಹೂವಿನ ಧೂಳಿನ ಅಲರ್ಜಿ ಮೇಷ್ಟ್ರೇ. ವಯಸ್ಸಾದ ಮೇಲೂ ಬರುತ್ತೆ. ದಿನಕ್ಕೆ ಒಂದೇ ಮಾತ್ರೆ, ನಿದ್ದೆ ಎಳೆಯುತ್ತೆ, ಹುಷಾರು” ಎಂದರು. ನನಗೋ ಮಾತ್ರೆಗಿಂತ ಸರ್ಟಿಫಿಕೇಟಿನ ಮೇಲೆ ನಂಬಿಕೆ. ನನ್ನ ಸೀನಿಗೂ ಶಕುನಕ್ಕೂ ಯಾವುದೇ ಸಂಬಂಧವಿರುವುದಿಲ್ಲವೆಂದು ದೃಢೀಕರಿಸಿ ಕೊಡಬೇಕೆಂದು ಕೋರಿದೆ. ಡಾಕ್ಟರು ನನ್ನನ್ನು ನೋಡಿದರು. ನಕ್ಕರು. ಇಂಗ್ಲಿಷಿನಲ್ಲಿ ಬರೆದರು. ಸೀಲೂ ಒತ್ತಿದರು!

ಮದುವೆಯ ಬೆಳಿಗ್ಗೆ ಒಂದು ಮಾತ್ರೆ ನುಂಗಿ ಹೊರಟೆ. ಚಪ್ಪರ ನೋಡಿದ ಮೇಲೆ ಇನ್ನೊಂದು ನುಂಗಿದೆ. ಏಕೆಂದರೆ ಭಾವ ಸಂಪ್ರದಾಯಸ್ಥರು. ಚಪ್ಪರದ ತುಂಬ ಹಸಿ ಹೊಂಗೆಸೊಪ್ಪು. ಹೂವಿನ ಸಮೇತ!

“ಎಂಗದೆಲಾ ನಿನ್ ಮೂಗು?” ಎಂದರು ಭಾವ.

“ತೆಪ್ಪಗದೆ ಭಾವ.”

ನಿಜವಾಗಿಯೂ ತೆಪ್ಪಗಿತ್ತು. ಸ್ವಲ್ಪ ಹೊತ್ತಿಗೆ ಮಿಕ್ಕ ಅಂಗಾಂಗಗಳೂ ತೆಪ್ಪಗಾಗತೊಡಗಿದವು. ಉಗ್ರಾಣದಲ್ಲಿ ರಾಗಿ ಮೂಟೆಗೆ ಒಂದು ಗಳಿಗೆ ಒರಗಿದೆನಷ್ಟೆ.

ಮುಂದಿನದು ಸಾವಿತ್ರಿ ಹೇಳಿ ತಿಳಿದದ್ದು. “ಸೋದರಮಾವ ಬರಬೇಕು!” ಎಂದು ಪುರೋಹಿತರು ಕೂಗಿದರಂತೆ. ಹೊಳೆ ದಂಡೆ, ಹಿತ್ತಲು, ಅಡುಗೆಯವರ ಒಲೆಯ ಹಿಂದೆ, ಎಲ್ಲ ಹುಡುಕಿದರಂತೆ. ಶೋಭ ಕೂತಲ್ಲಿಂದ ಕದಲಲಿಲ್ಲವಂತೆ. ಮೂಟೆಯ ಮೇಲೆ ಸಿಕ್ಕ ನನ್ನನ್ನು ಅಲುಗಾಡಿಸಿದರು, ನೀರೆರಚಿದರು. ನಾನು ಮಗ್ಗುಲು ಬದಲಿಸಿದೆನಂತೆ!

“ಇವನ್ಗಿಂತ ಸೀನೋ ಚೆಲುವನೇ ವಾಸಿಯಾಗಿದ್ನಲ್ಲಪ್ಪಾ!” ಎಂದು ಭಾವ ತಲೆ ಚಚ್ಚಿಕೊಂಡರಂತೆ.

ಬೆಳಿಗ್ಗೆಯಿಂದ ನನಗೆ ಮುಖವನ್ನೇ ಕೊಡದಿದ್ದ ಅಕ್ಕ ಆಗ ಬಂದಳು. ಚಪ್ಪರದಿಂದ ಒಂದು ಹೊಂಗೆ ಗೊಂಚಲು ಕಿತ್ತು ತಂದು ನನ್ನ ಮೂಗಿಗೆ ಹಿಡಿದಳು.

ಆಕ್ಷೀ!

ವಾಲಗ ನಿಂತಿತು. ಗಂಡಿನ ಅಜ್ಜಿ ಕಿವಿಗೆ ಕೈ ಆನಿಸಿಕೊಂಡು ಕಾದರು. ಕಣ್ಣು ಬಿಟ್ಟರೆ ಎದುರಿಗೆ ಅಕ್ಕನ ಮುಖ, ಹಿತ್ತಲ ಚಾಪೆಯ ಮೇಲೆ ಎದ್ದ ಹಾಗೆ. ಒಬ್ಬಟ್ಟು ಆರುತ್ತಿದೆಯೇನೋ ಎಂದುಕೊಂಡೆ. ಅಷ್ಟರಲ್ಲಿ ಕೈ ಅಭ್ಯಾಸಬಲದಿಂದ ಟವೆಲಿಗೆ ಹೋಯಿತು. ಅಕ್ಕ ಅದನ್ನು ಕಿತ್ತೆಸೆದಳು.

“ಅದುಮ್ಬ್ಯಾಡ ಕಣ್ಲಾ! ಬುಡು!”

ಬಿಟ್ಟೆ. ಎರಡನೆಯದು ಉಗ್ರಾಣವನ್ನೇ ನಡುಗಿಸುತ್ತಾ ಬಂತು.

“ಜೋಡಿ ಕಣ್ರವ್ವ, ಜೋಡಿ! ಊದ್ರಪ್ಪ ವಾಲಗವ!” ಎಂದರು ಅಜ್ಜಿ. ಗಟ್ಟಿಮೇಳ ಮೊಳಗಿತು. ಮೂರನೆಯದು ಅದರಲ್ಲೇ ಮುಳುಗಿಹೋಯಿತು. ದೇವರು ದೊಡ್ಡವನು!

ಶೋಭಳ ಕೈ ಹಿಡಿದು ಹಸೆಗೆ ನಡೆದೆ. ಕಣ್ಣಲ್ಲಿ ಧಾರಾಕಾರ ನೀರು. “ಪಾಪ, ಸೋದರಮಾವಂಗೆ ಎಷ್ಟು ಸಂಕಟ ನೋಡ್ರವ್ವ” ಎಂದರು ಹೆಂಗಸರು. ಅದು ಹೊಂಗೆಯಿಂದ ಬಂದ ನೀರೆಂದು ನಾನು ಹೇಳಲಿಲ್ಲ. ಎಲ್ಲವೂ ಹೊಂಗೆಯಿಂದಲೇ ಬಂದದ್ದೆಂದು ಈಗಲೂ ಹೇಳಲಾರೆ.

ಊಟವಾದ ಮೇಲೆ ಜೇಬಿನ ಸರ್ಟಿಫಿಕೇಟು ನೆನಪಾಯಿತು. ಗಂಭೀರವಾಗಿ ಭಾವನ ಕೈಗೆ ಒಪ್ಪಿಸಿದೆ. ಅವರು ತಲೆಕೆಳಗಾಗಿ ಹಿಡಿದು ಸೀಲನ್ನು ಮೆಚ್ಚಿಕೊಂಡರು. ಎಲೆ ಎತ್ತುತ್ತಿದ್ದ ಅಕ್ಕ ಬಗ್ಗಿ ನೋಡಿ, ಏನು ಬರೆದಿದೆಯೆಂದು ಕೇಳಿದಳು. ಓದಿ ಅರ್ಥ ಹೇಳಿದೆ.

“ಇದ ಏಳಕ್ಕೆ ಕಾಗ್ದ ಬೇಕಾಯ್ತಾ? ಅಷ್ಟೊಂದ್ ಓದ್ದೆ, ಒಂದ್ ಸೀನ ನೆಟ್ಗೆ ಸೀನಾದ ಕಲೀನಿಲ್ವಲ್ಲಲಾ!” ಎಂದಳು. ಆಮೇಲೆ ನನ್ನ ಟವೆಲಿಗೆ ಅಂಟಿದ್ದ ಹೂಗಳನ್ನು ಕೊಡವಿ ಹೆಗಲಿಗೆ ಹಾಕುತ್ತಾ ಅಂದಳು: “ಮುಂದಿನ್ ಯುಗಾದಿಗೆ ಹೂ ಬುಟ್ಟಾಗ್ಲೇ ಬಾ. ಬಂದು ಇಲ್ಲೇ ಸೀನು.”