ಮೂರು ಮೊಳ ಬೆಲ್ಟು

ಸ್ವಂತ ಕಾರು ಇರುವವನಿಗೆ ಕಾರಿನದೊಂದೇ ಚಿಂತೆ. ಭಾವನ ಹತ್ತಿರ ಕಾರು ಇರುವವನಿಗೆ ಕಾರಿನ ಚಿಂತೆಯ ಜೊತೆಗೆ ಭಾವನ ಚಿಂತೆಯೂ ಅಂಟಿಕೊಳ್ಳುತ್ತದೆ. ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಅರವತ್ತರ ದಶಕದಲ್ಲಿ ನಾನು ಈ ಸತ್ಯವನ್ನು ಮೈಯೆಲ್ಲ ಗ್ರೀಸು ಬಳಿದುಕೊಂಡು ಕಲಿತೆ. ನನ್ನ ಅಕ್ಕನ ಗಂಡ ರಾಮಣ್ಣ ಭಾವ ಕಟ್ಟಡದ ಕಂಟ್ರಾಕ್ಟರು. ತನ್ನ ದೇಶಕ್ಕೆ ವಾಪಸು ಹೊರಟಿದ್ದ ಯಾರೋ ಅಮೆರಿಕದ ಎಂಜಿನಿಯರನಿಂದ ದೋಣಿಯಷ್ಟು ಉದ್ದದ ಕಾರೊಂದನ್ನು ಕೊಂಡಿದ್ದರು. ಅದರಲ್ಲಿ ಏರ್‌ಕಂಡಿಷನ್ ಇತ್ತು. ಫ್ಯಾನು ಹಾಕಿದರೇ ನೆಗಡಿಯಾಗುತ್ತಿದ್ದ ಆಗಿನ ಬೆಂಗಳೂರಿನಲ್ಲಿ ಅದು ಯಾತಕ್ಕೆ ಎಂದು ಒಬ್ಬನೂ ಕೇಳಲಿಲ್ಲ. ನಮ್ಮ ಬ್ಲಾಕಿನ ಹಿರಿಯರೆಲ್ಲ ಸರದಿಯಲ್ಲಿ ಬಂದು, ಹಿಂದಿನ ಸೀಟಿನಲ್ಲಿ ಕೂತು, ಮುಖಕ್ಕೆ ತಣ್ಣನೆ ಗಾಳಿ ಬಡಿಸಿಕೊಂಡು, ಸೀನುತ್ತ ಇಳಿದು ಹೋಗುತ್ತಿದ್ದರು. ಭಾವ ಮಾತ್ರ ಅಣೆಕಟ್ಟು ಕಟ್ಟಿಸಿದವರ ಗತ್ತಿನಲ್ಲಿ ಬಾಗಿಲು ಹಿಡಿದು ನಿಂತಿರುತ್ತಿದ್ದರು.

ಆ ವರ್ಷ ನನ್ನ ತಂಗಿ ವಿಮಲೆಗೆ ತುಮಕೂರಿನಿಂದ ಒಂದು ಸಂಬಂಧ ಬಂತು. ಅಪ್ಪ ಇರಲಿಲ್ಲವಾದ್ದರಿಂದ ಜವಾಬ್ದಾರಿ ನನ್ನದು. ಹಿಂದೆ ಬಂದಿದ್ದ ಸಂಬಂಧಗಳು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುರಿದುಹೋಗಿ, ಅಮ್ಮ ರಾತ್ರಿ ನಿದ್ದೆ ಬಿಟ್ಟಿದ್ದಳು. ಈ ಸಲ ಹುಡುಗನ ಫೋಟೋ ತೋರಿಸಿದಾಗ ವಿಮಲೆ ಒಂದು ಮಾತೂ ಆಡಲಿಲ್ಲ. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುತ್ತಿದ್ದ ಹುಡುಗಿ ಸುಮ್ಮನಿದ್ದಾಳೆಂದರೆ ಒಪ್ಪಿದ್ದಾಳೆ ಎಂದೇ ಅರ್ಥ. ಆಮೇಲೆ ಅವಳು ಆ ಫೋಟೋವನ್ನು ದೇವರ ಗೂಡಿನಲ್ಲಿಡುವ ನೆಪದಲ್ಲಿ ಎರಡು ಸಲ ಎತ್ತಿಕೊಂಡು ಹೋದದ್ದನ್ನೂ ನಾನು ನೋಡಿದೆ. ಇದು ಕೈತಪ್ಪಬಾರದು ಎಂದು ಅವತ್ತೇ ನಿಶ್ಚಯಿಸಿದೆ. ಹುಡುಗನ ತಂದೆ ಶ್ರೀಕಂಠಯ್ಯನವರು ನಿವೃತ್ತ ಶಿರಸ್ತೇದಾರರು, ಮಾತಿಗೆ ಬಿಗಿ. ಸಂಬಂಧ ತಂದ ಜೋಯಿಸರು ಉತ್ಸಾಹ ತಡೆಯಲಾರದೆ, ಸ್ಟೇಷನ್ನಿನಿಂದ ಏರ್‌ಕಂಡಿಷನ್ ಕಾರಿನಲ್ಲೇ ಕರೆದುಕೊಂಡು ಹೋಗುತ್ತಾರೆಂದು ಅವರಿಗೆ ಹೇಳಿಬಿಟ್ಟಿದ್ದರು. ಜೀವನದಲ್ಲಿ ಒಮ್ಮೆ ಅಂಥ ಕಾರಿನಲ್ಲಿ ಕೂತು ನೋಡಬೇಕು ಎಂದು ಶಿರಸ್ತೇದಾರರೂ ಅಂದರಂತೆ.

ಅವರು ಬರುವ ದಿನ ಬೆಳಿಗ್ಗೆ ಭಾವ ಕಾರು ಚಾಲೂ ಮಾಡಿದರು. ಬಾನೆಟ್ಟಿನೊಳಗೆ ಯಾರೋ ಹಂದಿ ಹಿಡಿದ ಹಾಗೆ ಒಂದು ಕಿರುಚಾಟ, ಆಮೇಲೆ ರಬ್ಬರು ಸುಟ್ಟ ವಾಸನೆ, ಆಮೇಲೆ ಮೌನ. ಲಾರಿ ರಿಪೇರಿ ಮಾಡುವ ಮಡಿವಾಳದ ಮುನಿಯಪ್ಪನನ್ನು ಕರೆಸಿದೆವು. ಅವನು ಬಗ್ಗಿ ನೋಡಿ, ಗಾಳಿ ತಣ್ಣಗೆ ಮಾಡುವ ಕಂಪ್ರೆಸರ್ ಎಂಬ ಆ ಉಂಡೆ ಬಿಗಿದು ಕೂತಿದೆ, ಬೆಲ್ಟನ್ನು ಹರಿದು ತಿಂದಿದೆ ಎಂದ. ನೀರಿನ ಪಂಪು, ಫ್ಯಾನು, ಡೈನಮೋ ಎಲ್ಲಕ್ಕೂ ಅದೇ ಒಂದು ಬೆಲ್ಟು. ಅದಿಲ್ಲದೆ ಓಡಿಸಿದರೆ ಲಾಲ್‌ಬಾಗ್ ಮುಟ್ಟುವ ಮೊದಲೇ ಎಂಜಿನ್ನು ಕುದಿಯುತ್ತದೆ. ಉಳಿದದ್ದು ಒಂದೇ ದಾರಿ, ಕಂಪ್ರೆಸರ್ ಬಿಚ್ಚಿ ಎಸೆದು, ಬೆಲ್ಟು ಸುತ್ತುವ ಮಿಕ್ಕ ಗಾಲಿಗಳಿಗೆ, ಅಂದರೆ ಪುಲ್ಲಿಗಳಿಗೆ, ಸರಿಹೋಗುವ ಚಿಕ್ಕ ಬೆಲ್ಟು ತರುವುದು. ಟ್ಯಾಕ್ಸಿ ಮಾಡೋಣ ಎಂದು ನಾನು ಅಂದೆ. ಭಾವ ನನ್ನನ್ನು ನೋಡಿದ ನೋಟಕ್ಕೆ ಆ ಮಾತನ್ನು ಅಲ್ಲೇ ನುಂಗಿದೆ.

ಬಿಚ್ಚುವ ಕೆಲಸ ಸಲೀಸಾಗಿ ಆಗಲಿಲ್ಲ. ಮುನಿಯಪ್ಪನೂ ಅಂಥ ವಸ್ತುವನ್ನು ಅವತ್ತೇ ಮೊದಲು ನೋಡುತ್ತಿದ್ದ. ಪ್ರತಿ ಬೋಲ್ಟಿಗೂ ಒಮ್ಮೆ ದೇವರನ್ನು, ಒಮ್ಮೆ ಅಮೆರಿಕವನ್ನು ನೆನೆಯುತ್ತಿದ್ದ. ಪೈಪು ಸಡಿಲಿಸಿದ ಕೂಡಲೇ ಬುಸ್ಸೆಂದು ಬಿಳಿ ಹೊಗೆ ಬಂತು. ನಾನು ಹಾರಿ ತುಳಸಿಕಟ್ಟೆಯ ಹಿಂದೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಸದ್ದಡಗಿತು. ಭಾವ ಟೋಪಿ ತೆಗೆದು, ಹೋಯ್ತು ಕಣಯ್ಯ, ಇದ್ದ ತಂಪೆಲ್ಲ ಹೋಯ್ತು ಎಂದರು. ಅವರ ಕಣ್ಣು ನಿಜವಾಗಿ ಒದ್ದೆಯಾಗಿತ್ತು. ಆ ಕಬ್ಬಿಣದ ಉಂಡೆಯನ್ನು ಹಿತ್ತಲಿಗೆ ಹೊತ್ತೊಯ್ದು ಗೋಣಿಚೀಲದ ಮೇಲೆ ಮಲಗಿಸಿದೆವು.

ಇನ್ನು ಬೆಲ್ಟು. ಆರಡಿ ಎತ್ತರದ ಮುನಿಯಪ್ಪ ಪುಲ್ಲಿಗಳ ಸುತ್ತ ಮೊಣಕೈಯಿಟ್ಟು ಅಳೆದು, ಸರಿಯಾಗಿ ಮೂರು ಮೊಳ ತಗೊಂಡು ಬನ್ನಿ ಸ್ವಾಮಿ ಎಂದ. ನಾನು ಸೈಕಲ್ ತುಳಿದು ಸಿಟಿ ಮಾರ್ಕೆಟ್ಟಿನ ಹತ್ತಿರ ಬಿಡಿಭಾಗಗಳ ಅಂಗಡಿಗೆ ಹೋಗಿ, ಗೂಟಕ್ಕೆ ನೇತುಹಾಕಿದ್ದ ಬೆಲ್ಟುಗಳಿಗೆಲ್ಲ ನನ್ನ ಮೊಣಕೈಯಿಟ್ಟು ಮೂರು ಮೊಳದ್ದನ್ನು ಆರಿಸಿ ತಂದೆ. ನಾನು ಎಷ್ಟು ಎತ್ತರ ಎಂದರೆ, ಬಸ್ಸಿನಲ್ಲಿ ಕಂಬಿ ಹಿಡಿಯಲು ಇನ್ನೊಬ್ಬರ ಭುಜ ಹಿಡಿಯಬೇಕು. ಮುನಿಯಪ್ಪ ಎಷ್ಟು ಎಳೆದರೂ ಆ ಬೆಲ್ಟು ಕೊನೆಯ ಪುಲ್ಲಿಯನ್ನು ಮುಟ್ಟಲಿಲ್ಲ. ಅವನು ನನ್ನ ಕೈಯನ್ನೂ ತನ್ನ ಕೈಯನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಉಸಿರುಬಿಟ್ಟ. ಅಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಸಂಜೆ ರೈಲು. ಸಜ್ಜಿಗೆಗೆ ರವೆ ಹುರಿಯುತ್ತಿದ್ದ ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಮೊಳ ಹಾಕೋದು ಹೂವಿಗೆ ಕಣೋ. ಒಂದು ದಾರ ಸುತ್ತಿ ನೋಡೋಕೆ ನಿಮ್ಮಿಬ್ಬರಿಗೂ ಏನಾಗಿತ್ತು ದಾಡಿ?"

ಅವಳೇ ಹೂ ಕಟ್ಟುವ ಬಾಳೆನಾರು ಗಂಟು ಹಾಕಿ ಕೊಟ್ಟಳು. ಅದನ್ನು ಪುಲ್ಲಿಗಳಿಗೆ ಸುತ್ತಿ, ಅಳತೆಗೆ ಕತ್ತರಿಸಿ, ಮತ್ತೆ ಮಾರ್ಕೆಟ್ಟಿಗೆ ಓಡಿದೆ. ಅಂಗಡಿಯವನು ನಾರಿನ ಅಳತೆಗೆ ಹಿಡಿದು ಎರಡು ಬೆಲ್ಟು ಇಟ್ಟ. ಒಂದು ಬೆರಳಗಲ ಕಮ್ಮಿ, ಇನ್ನೊಂದು ಬೆರಳಗಲ ಜಾಸ್ತಿ. ಸರಿಯಾದದ್ದು ಇಲ್ಲವಂತೆ. ಬಿಗಿಯಾದದ್ದು ಏರದಿದ್ದರೆ ಮೂರನೆಯ ಸಲ ಬರಲು ಹೊತ್ತಿಲ್ಲ, ಸಡಿಲವಾದದ್ದು ದಾರಿಯಲ್ಲಿ ಕಳಚಿದರೆ ಶಿರಸ್ತೇದಾರರು ಮಿನರ್ವ ಸರ್ಕಲ್ಲಿನಲ್ಲಿ ನಿಂತಿರುತ್ತಾರೆ. ಹೆಣ್ಣಿನ ಕಡೆಯವರು ಸ್ವಲ್ಪ ಸಡಿಲವಾಗಿರುವುದೇ ವಾಸಿ ಎಂದುಕೊಂಡು ದೊಡ್ಡದನ್ನು ತಂದೆ. ಮುನಿಯಪ್ಪ ಡೈನಮೋವನ್ನು ಆಚೆಗೆ ಸರಿಸಿ ಎಳೆದು ಕಟ್ಟಿದ. ತಿರುಗಿತು. ಏರಿನಲ್ಲಿ ಸ್ವಲ್ಪ ಕೂಗಬಹುದು ಎಂದು ಎಚ್ಚರಿಸಿದ.

ಹೊರಗಿನ ಗಾಳಿಯನ್ನು ಕಾರಿನೊಳಗೆ ದೂಡುವ ಫ್ಯಾನು ಇನ್ನೂ ಕೆಲಸ ಮಾಡುತ್ತಿತ್ತು. ಕಾಲ ಮಾಘ ಮಾಸ. ಮುಸ್ಸಂಜೆಯ ಹೊರಗಿನ ಗಾಳಿಯೇ ಮೈ ಕೊರೆಯುತ್ತಿತ್ತು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಭಾವ ಒಂದೇ ಮಾತು ಹೇಳಿದರು: ಬಿಚ್ಚಿದ ವಿಷಯ ಬಾಯಿಬಿಟ್ಟರೆ ಜೋಯಿಸರು ಸುಳ್ಳುಗಾರರಾಗುತ್ತಾರೆ, ನಾವೂ ಆಗುತ್ತೇವೆ. ಶ್ರೀಕಂಠಯ್ಯನವರು, ಅವರ ಹೆಂಡತಿ, ಹುಡುಗ ಮೂವರೂ ಹಿಂದೆ ಕೂತರು. ಭಾವ ಗಾಜು ಏರಿಸಿ ಫ್ಯಾನು ಹಾಕಿದರು. ಲಾಲ್‌ಬಾಗ್ ಹತ್ತಿರದ ಏರಿನಲ್ಲಿ ಬೆಲ್ಟು ಕೀಚ್ ಎಂದಿತು. ಅದೇನು ಸದ್ದು ಎಂದು ಹಿಂದಿನಿಂದ ಪ್ರಶ್ನೆ. ಭಾವ ಗಂಟಲು ಸರಿಮಾಡಿಕೊಂಡು, ಅದೇ ಏರ್‌ಕಂಡಿಷನ್ನು ಎಂದರು. ಶಿರಸ್ತೇದಾರರು ತೃಪ್ತಿಯಿಂದ ಶಾಲು ಹೊದ್ದರು. ಸ್ವಲ್ಪ ದೂರ ಹೋದ ಮೇಲೆ, ಚಳಿ ತಡೆಯಲಾಗುತ್ತಿಲ್ಲ, ಒಂಚೂರು ಕಮ್ಮಿ ಮಾಡಿ ಎಂದರು. ನಾನು ಕೈಚಾಚಿ ಏರ್‌ಕಂಡಿಷನ್ನಿನ ಗುಂಡಿ ತಿರುಗಿಸಿದೆ. ಈಗ ಹಿತವಾಗಿದೆ ಎಂದರು. ನಾನು ಸುಳ್ಳು ಹೇಳಲಿಲ್ಲ, ಗುಂಡಿ ತಿರುಗಿಸಿದೆ ಅಷ್ಟೆ. ಇವತ್ತಿಗೂ ಈ ವಾದವನ್ನು ನಾನು ಬಿಟ್ಟಿಲ್ಲ.

ಮನೆಯಲ್ಲಿ ಸಜ್ಜಿಗೆ, ಬಜ್ಜಿ ಆಯಿತು. ವಿಮಲೆ ಕಾಫಿ ತಂದಳು. ಹುಡುಗ ಅವಳನ್ನು ನೋಡಿದ, ಅವಳೂ ನೋಡಿದಳು. ಎಲ್ಲ ಸುಸೂತ್ರ ಅನ್ನುವಾಗ ಶ್ರೀಕಂಠಯ್ಯನವರು ಕಾರಿನ ವರ್ಣನೆಗೆ ಶುರುಮಾಡಿದರು. ತುಮಕೂರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಹಲ್ಲು ಕಟಕಟ ಅಂದುಬಿಟ್ಟಿತು ಎಂದು ನಕ್ಕು, ವಿಮಲೆಯ ಕಡೆ ತಿರುಗಿ, ನಿನಗೂ ಆ ಏರ್‌ಕಂಡಿಷನ್ನಲ್ಲಿ ಚಳಿ ಆಗುತ್ತೇನಮ್ಮಾ ಎಂದು ಕೇಳಿದರು. ನಾನು ಕಣ್ಣಲ್ಲೇ ಅವಳ ಕಾಲು ಹಿಡಿದೆ. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ವಿಮಲೆ ನನ್ನನ್ನು ನೋಡಿದಳು, ಹುಡುಗನನ್ನು ನೋಡಿದಳು, ತಟ್ಟೆ ಕೆಳಗಿಟ್ಟಳು.

"ಆಗ್ತಿತ್ತು. ಆದರೆ ಇವತ್ತು ಅದರಲ್ಲಿ ಏರ್‌ಕಂಡಿಷನ್ ಇಲ್ಲ. ಬೆಳಿಗ್ಗೆ ಬಿಚ್ಚಿದ್ರು, ಹಿತ್ತಲಲ್ಲಿದೆ. ನಿಮಗೆ ಆಗಿದ್ದು ಮಾಘದ ಚಳಿ."

ಭಾವ ಛಾವಣಿಯನ್ನು ಪರೀಕ್ಷಿಸತೊಡಗಿದರು. ಶ್ರೀಕಂಠಯ್ಯನವರು ಎದ್ದು, ತೋರಿಸಿ ಎಂದರು. ಲಾಟೀನು ಹಿಡಿದು ಎಲ್ಲರೂ ಮೆರವಣಿಗೆಯಲ್ಲಿ ಹಿತ್ತಲಿಗೆ ಹೋದೆವು. ಅವರು ಗೋಣಿಚೀಲದ ಮೇಲಿನ ಉಂಡೆಯನ್ನು ಕೋಲಿನಿಂದ ಮುಟ್ಟಿ, ನನ್ನ ಮುಖ ನೋಡಿದರು. ಗುಂಡಿ ತಿರುಗಿಸಿದಿರಲ್ಲ ಎಂದು ಕೇಳಿದರು. ತಿರುಗಿಸಿದೆ ಎಂದೆ. ಸಂಬಂಧ ಮುರಿಯಿತು ಎಂದುಕೊಂಡೆ. ನನ್ನ ಗಂಡಾಂತರ ಹಾಗಿರಲಿ, ಬಾಗಿಲಲ್ಲಿ ನಿಂತಿದ್ದ ವಿಮಲೆಯ ಮುಖ ನೋಡಲಾಗಲಿಲ್ಲ. ಶ್ರೀಕಂಠಯ್ಯನವರು ಹೆಂಡತಿಯ ಕಡೆ ತಿರುಗಿದರು.

"ನಮ್ಮನೇಲಿ ಎಲ್ಲಾರೂ ನಾನು ಅಂದಿದ್ದಕ್ಕೆ ಹೌದು ಅಂತಾರೆ. ಒಬ್ಬಳಾದ್ರೂ ಅಲ್ಲ ಅನ್ನೋಳು ಇರಲಿ ಕಣೇ."

ವೈಶಾಖದಲ್ಲಿ ಮದುವೆಯಾಯಿತು. ತಂಗಿ ಸುಖವಾಗಿದ್ದಾಳೆ, ಅದಕ್ಕಿಂತ ನನಗೆ ಇನ್ನೇನು ಬೇಕು? ತುಮಕೂರಿಗೆ ಹೋದಾಗಲೆಲ್ಲ ಶ್ರೀಕಂಠಯ್ಯನವರು ಬಹಳ ಆದರದಿಂದ ಮಾತಾಡಿಸುತ್ತಾರೆ. ಪ್ರಯಾಣ ಸುಖವಾಯಿತೇ ಎಂದು ಕೇಳುತ್ತಾರೆ. ಆಯಿತು ಎನ್ನುತ್ತೇನೆ. ಅವರು ತಲೆದೂಗಿ, ಒಳಗಿನಿಂದ ನೀರು ತರುತ್ತಿರುವ ವಿಮಲೆಯ ಕಡೆ ತಿರುಗಿ, "ಹೌದೇನಮ್ಮಾ?" ಎನ್ನುತ್ತಾರೆ. ನಾನು ಬೆಂಗಳೂರಿನಿಂದ ಬಂದವನು, ಅವಳು ಅಡಿಗೆಮನೆಯಿಂದ ಬಂದವಳು. ಆದರೂ ನನ್ನ ಪ್ರಯಾಣ ಹೇಗಾಯಿತೆಂದು ಅವಳೇ ಹೇಳಬೇಕು, ಆ ಹಾಳಾದವಳು ಸ್ವಲ್ಪ ಯೋಚಿಸಿಯೇ ಹೇಳುತ್ತಾಳೆ.