ಮರುಭೂಮಿಯಲ್ಲಿ ಅಳಿಯನ ಎಣ್ಣೆಸ್ನಾನ

ಚಕ್ರ ಇರುವ ಯಾವುದನ್ನಾದರೂ ಓಡಿಸಬಲ್ಲೆ ಎಂದು ನನಗೆ ನಂಬಿಕೆಯಿತ್ತು. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಏನಾದರೂ ಒಂದು ನಂಬಿಕೆ ಬೇಕಲ್ಲ!

ಆಗ ನಾನು ಡಾಲಸ್ ಪಕ್ಕದ ಕ್ಯಾರಲ್ಟನ್ನಿನಲ್ಲಿ ಒಂದು ಇಂಡಿಯನ್ ಅಂಗಡಿಯ ವ್ಯಾನ್ ಓಡಿಸುತ್ತಿದ್ದೆ. ಅಲ್ಲಿಗೆ ಕರಿಬೇವು ಕೊಳ್ಳಲು ಬರುತ್ತಿದ್ದ ವಾಣಿ ಕೊನೆಗೆ ನನ್ನನ್ನೇ ಕಟ್ಟಿಕೊಂಡಳು. ಅವಳು ಎಂ.ಎಸ್. ಓದಿದವಳು. ಅವಳಪ್ಪ ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿ ದೊಡ್ಡ ಎಂಜಿನಿಯರು. ಮದುವೆಗೆ ಬಂದರು, ಅಕ್ಷತೆ ಹಾಕಿದರು, ಊಟ ಮಾಡಿದರು. ಆದರೆ ಮನೆಗೆ ಯಾರಾದರೂ ಬಂದರೆ ನನ್ನನ್ನು "ಇವ್ರು ವಾಣಿ ಫ್ರೆಂಡು" ಎಂದೇ ಪರಿಚಯ ಮಾಡಿಸುತ್ತಿದ್ದರು. ತಾಳಿ ಕಟ್ಟಿದ ಮೇಲೂ ಫ್ರೆಂಡು! ನನ್ನೊಡನೆ ಮಾತೂ ಮಗಳ ಮೂಲಕವೇ. "ಕಾಫಿ ಕುಡೀತಾರಾ ಕೇಳು" ಅನ್ನುವರು. ನಾನು ಎದುರಿಗೇ ಕೂತಿರುತ್ತಿದ್ದೆ.

ಅವರ ಬಾಯಿಂದ ಒಮ್ಮೆ "ಅಳಿಯ" ಅನ್ನಿಸಿಕೊಳ್ಳಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಮೊದಲ ದೀಪಾವಳಿ ಬಂತು. ಹೊಸ ಅಳಿಯನನ್ನು ಕರೆದು, ಎಣ್ಣೆ ಹಚ್ಚಿ, ನೀರು ಹಾಕಿ ಉಪಚರಿಸುವ ಹಬ್ಬ. ಕೇಟಿಯ ಬಚ್ಚಲಲ್ಲಿ ಸ್ನಾನ ಮಾಡಿದರೆ ನನ್ನ ಕೈಚಳಕ ಯಾರಿಗೆ ಕಾಣುತ್ತದೆ? ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಕ್ಯಾರವಾನ್ ಬಾಡಿಗೆಗೆ ತರುತ್ತೇನೆ, ಪಶ್ಚಿಮ ಟೆಕ್ಸಾಸಿನ ಮರುಭೂಮಿಯಲ್ಲೇ ಹಬ್ಬ ಮಾಡೋಣ ಎಂದು ಘೋಷಿಸಿದೆ. ಅತ್ತೆ ಖುಷಿಯಿಂದ ಚಕ್ಕುಲಿ ಕರಿಯಲು ಕೂತರು. ಮಾವ ಮಗಳಿಗೆ, "ಅದನ್ನ ಓಡ್ಸೋಕೆ ಬರುತ್ತಾ ಕೇಳು" ಎಂದರು.

ಗಾಡಿ ತಂದು, ಸ್ವಲ್ಪ ಹಿಂದಕ್ಕೆ ತೆಗೆದು ತೋರಿಸಿದೆ. ಪಕ್ಕದ ಮನೆಯ ಅಂಚೆ ಡಬ್ಬ ಮಲಗಿತು. ಇಳಿದು ಎತ್ತಿ ನಿಲ್ಲಿಸಿ, ಬುಡಕ್ಕೆ ಮಣ್ಣು ತುಳಿದು ಬಂದೆ. ಮಾವ ಏನೂ ಹೇಳಲಿಲ್ಲ. ಹೇಳಲು ವಾಣಿ ಹತ್ತಿರ ಇರಲಿಲ್ಲ.

ಈಗ ನೆನೆದರೆ ಆ ದಾರಿಯೇ ಒಂದು ಸುಖ. ಫೋನು ದಾರಿ ತೋರಿಸುವ ಕಾಲ ಅದಲ್ಲ. ಮಾವನ ತೊಡೆಯ ಮೇಲೆ ಕಾಗದದ ಮ್ಯಾಪು. ಹಿಂದೆ ಚಕ್ಕುಲಿ ಡಬ್ಬದ ಸದ್ದು, ಅತ್ತೆಯ ದೇವರನಾಮ. ಮೊದಲು ಮನೆಗಳು ಹೋದವು, ಆಮೇಲೆ ಮರಗಳು ಹೋದವು, ಕೊನೆಗೆ ರೇಡಿಯೋನೂ ಹೋಯಿತು. ಆಕಾಶ ಮಾತ್ರ ಜೊತೆಗೆ ಬಂತು. ಅಷ್ಟು ದೊಡ್ಡ ಆಕಾಶವನ್ನು ನಾನು ಮತ್ತೆ ನೋಡಿಲ್ಲ.

ಎರಡನೇ ದಿನ ಕೊನೆಯ ಊರು ಬಂತು. ಪೆಟ್ರೋಲ್ ಬಂಕಿನಲ್ಲಿ ನಲ್ಲಿ ಇತ್ತು. ಅತ್ತೆ ತಾಮ್ರದ ಚೊಂಬು ತೊಳೆದು ನೀರು ಹಿಡಿದು, ಕುಂಕುಮ ಇಟ್ಟರು. "ಇವತ್ತು ನೀರು ತುಂಬೋ ಹಬ್ಬ ಕಣಪ್ಪಾ. ಗಾಡಿ ಟ್ಯಾಂಕಿಗೂ ತುಂಬ್ಸಿಬಿಡು."

ನಾನು ಒಳಗೆ ಗೋಡೆಯ ಮೇಲಿದ್ದ ಒಂದು ಗುಂಡಿ ಒತ್ತಿದೆ. ಸಾಲಾಗಿ ಎಲ್ಲ ದೀಪಗಳೂ ಹತ್ತಿದವು. "ಫುಲ್ ಇದೆ ಅತ್ತೆ."

"ಅದು ಯಾವ ಟ್ಯಾಂಕಿಂದು, ಸರಿಯಾಗಿ ಓದ್ರೀ" ಎಂದಳು ವಾಣಿ.

"ಒಂದ್ ಗಾಡೀಲಿ ಎಷ್ಟ್ ಟ್ಯಾಂಕ್ ಇರುತ್ತೆ? ಹತ್ತು, ಹತ್ತು!"

ಮೂರು ಇರುತ್ತವಂತೆ. ಮರುದಿನ ತಿಳಿಯಿತು.

ಬೆಳಗ್ಗೆ ಕೊರೆಯುವ ಚಳಿ. ಸುತ್ತ ಕೆಂಪು ಗುಡ್ಡ, ಮುಳ್ಳುಗಿಡ, ನಡುವೆ ನಮ್ಮ ಮಣೆ. ಅತ್ತೆ ನನ್ನನ್ನು ಕೂರಿಸಿ, ಹಾಡು ಹೇಳಿ, ಆರತಿ ಎತ್ತಿ, ತಲೆಗೆ ಎಣ್ಣೆ ಒತ್ತಿದರು. ನನ್ನಮ್ಮನೂ ಅಷ್ಟು ಅಕ್ಕರೆಯಿಂದ ಒತ್ತಿರಲಿಲ್ಲ. ಆಮೇಲೆ ಮಾವನಿಗೂ ಹಚ್ಚಿದರು. ಮೈಗೆ ನಾವು ನಾವೇ ಬಳಿದುಕೊಂಡೆವು. ಅಳಿಯಂದ್ರು ಮೊದಲು ಸ್ನಾನಕ್ಕೆ ಹೋಗಲಿ ಎಂದರು ಅತ್ತೆ. ಛೆ ಛೆ, ದೊಡ್ಡವರಿರುವಾಗ ನಾನೇ? ಮಾವನನ್ನೇ ಮುಂದೆ ಕಳಿಸಿದೆ. ಈ ವಿನಯಕ್ಕೆ ಒಳ್ಳೆ ಮಾರ್ಕ್ಸು ಬರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಒಳಗೆ ನೀರಿನ ಸದ್ದು ಬಂತು. ನಲ್ಲಿ ಎರಡು ಸಲ ಕೆಮ್ಮಿತು. ಆಮೇಲೆ ಮಾವನ ದನಿ.

"ವಾಣೀ, ನೀರು ನಿಂತೋಯ್ತು ಅಂತ ಹೇಳು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ವಾಣೀ, ಕೆಳಗಿಂದ ಏನೋ ಮೇಲಕ್ಕೆ ಬರ್ತಿದೆ ಅಂತ ಹೇಳು."

ಓಡಿ ಹೋಗಿ ನೋಡಿದೆ. ಮಾವನ ತಲೆ ತುಂಬ ಸೀಗೆಪುಡಿ, ಕಣ್ಣು ಮುಚ್ಚಿದೆ. ಕಾಲ ಬಳಿ ಎರಡು ದಿನದ ಪಾತ್ರೆ ತೊಳೆದ ನೀರು ಮೇಲೇರುತ್ತಿದೆ. ಅದರಲ್ಲಿ ಸಾರಿನ ಸಾಸಿವೆ ತೇಲುತ್ತಿದೆ. ನಾನು ಫುಲ್ ಎಂದು ಸಾರಿದ್ದು ಬಳಸಿ ಬಿಟ್ಟ ನೀರಿನ ಟ್ಯಾಂಕು! ಒಳ್ಳೆಯ ನೀರಿನ ಟ್ಯಾಂಕು ಖಾಲಿ. ಅದರಲ್ಲಿದ್ದದ್ದೆಲ್ಲ ಇದಕ್ಕೆ ಇಳಿದಿತ್ತು, ಅಷ್ಟೆ.

ಅತ್ತೆಯ ಚೊಂಬಿನ ನೀರು ಮಾವನ ಕಣ್ಣು ತೊಳೆಯಲಿಕ್ಕೆ ಸರಿಹೋಯಿತು. ಉಳಿದ ಮೈಗೆ?

ದೂರದಲ್ಲಿ ಇನ್ನೊಂದೇ ಒಂದು ಕ್ಯಾರವಾನ್ ಕಾಣುತ್ತಿತ್ತು. ಹೆಂಗಸರನ್ನು ಬಿಟ್ಟು, ಸೊಂಟಕ್ಕೆ ಟವೆಲ್ ಸುತ್ತಿ, ಒಂದೊಂದು ಬಕೆಟ್ ಹಿಡಿದು ನಾವಿಬ್ಬರೂ ಹೊರಟೆವು. ಗಾಳಿ ಎದ್ದಿತು. ಎಣ್ಣೆ ಮೈಗೆ ಮರಳು ಮೆತ್ತಿ, ರವೆಯಲ್ಲಿ ಹೊರಳಿಸಿದ ಕಟ್ಲೆಟ್ಟಿನ ಹಾಗಾದೆವು. ದಾರಿಯುದ್ದಕ್ಕೂ ಮಾತಿಲ್ಲ. ಆಡಿಸಲು ವಾಣಿ ಇಲ್ಲವಲ್ಲ!

ಬಾಗಿಲು ತೆರೆದವನು ಬಿಳಿ ಗಡ್ಡದ ಒಬ್ಬ ಮುದುಕ. ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ಪುಣ್ಯಾತ್ಮ, ಬಾಗಿಲು ಹಾಕಿಕೊಳ್ಳಲಿಲ್ಲ. ಪೈಪು ಎಳೆದು ಬಕೆಟ್ ತುಂಬಿಸುತ್ತಾ, ನೀರಿಲ್ಲದೆ ಮರುಭೂಮಿಗೆ ಬರುವ ಬುದ್ಧಿ ಯಾರದು ಎಂದು ಕೇಳಿದ.

ಮಾವ ಅಭ್ಯಾಸಬಲದಿಂದ ಹಿಂದೆ ತಿರುಗಿ ಮಗಳನ್ನು ಹುಡುಕಿದರು. ಮಗಳಿರಲಿಲ್ಲ. ನಿಟ್ಟುಸಿರು ಬಿಟ್ಟು, ಎಣ್ಣೆಗೈಯನ್ನು ನನ್ನ ಹೆಗಲ ಮೇಲೆ ಇಟ್ಟರು.

"ಮೈ ಸನ್ ಇನ್ ಲಾ."

ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ಕೊನೆಗೂ ಅಂದರು! ಆ ಚಳಿಯಲ್ಲೂ ಮೈ ಬಿಸಿಯಾಯಿತು, ಎದೆ ಉಬ್ಬಿತು. ಎದೆ ಉಬ್ಬಿದರೆ ಹೊಟ್ಟೆ ಒಳಗೆ ಹೋಗುತ್ತದೆ. ಹೊಟ್ಟೆ ಒಳಗೆ ಹೋದರೆ, ಎಣ್ಣೆ ಮೈ ಮೇಲೆ ಟವೆಲ್ ನಿಲ್ಲುವುದಿಲ್ಲ.